ಧನುರ್ವಾಯುವಿನ ಕತ್ತಲೆ ಕೋಣೆ

ನಿಜಾಮನ ಆಡಳಿತ ಹೋಗಿ ನಾಲ್ಕೈದು ವರ್ಷವಾಗಿತ್ತು. ಲೋಹಾರಾದ ತವರಿನಿಂದ ಮುರುಮಕ್ಕೆ ಸೊಸೆಯಾಗಿ ಬಂದ ನನಗೆ ಅದು ಮೊದಲ ಸುಗ್ಗಿ. ಜೋಳ ಕೊಯ್ದ ಹೊಲದಲ್ಲಿ ನಡೆಯುವಾಗ ಕೂಳೆಯೊಂದು ಅಂಗಾಲಿಗೆ ಆಳವಾಗಿ ಚುಚ್ಚಿತು. ಅತ್ತೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು. ನಾಲ್ಕು ದಿನಕ್ಕೆ ಗಾಯ ಮುಚ್ಚಿತು, ನೋವೂ ಹೋಯಿತು. ನಾನದನ್ನು ಮರೆತೇಬಿಟ್ಟೆ.

ಎಂಟನೆಯ ದಿನ ರೊಟ್ಟಿ ಅಗಿಯಲು ಹೋದರೆ ದವಡೆ ಬಿಗಿಯಿತು. ಸಂಜೆಯ ಹೊತ್ತಿಗೆ ಕಚ್ಚಿಕೊಂಡ ಹಲ್ಲು ಬಿಡಿಸಲಾಗಲಿಲ್ಲ. ಮುನಿಸಿಕೊಂಡಿದ್ದೇನೆಂದು ಗಂಡ ತಿಳಿದರು.

"ಯಾಕ, ಮಾತಾಡಂಗಿಲ್ಲೇನು? ಯಾರರ ಏನರ ಅಂದಾರೇನು?"

ಉತ್ತರ ಹೇಳಲು ಒದ್ದಾಡಿದೆ. ತುಟಿಗಳು ತಾವಾಗಿಯೇ ಎರಡೂ ಕಡೆಗೆ ಎಳೆದುಕೊಂಡವು. ಅತ್ತೆ ಅದನ್ನು ಕಂಡು ರೇಗಿದರು: "ಅಂವಾ ಕೇಳಾಕತ್ಯಾನ, ನೀ ನಗತೀಯಲ್ಲ!"

ನಾನು ನಗುತ್ತಿರಲಿಲ್ಲ. ಕಣ್ಣಿಂದ ನೀರಿಳಿದಾಗಲೇ ಅವರಿಗೆ ಗಾಬರಿಯಾದದ್ದು.

ಮರುದಿನ ಉಮರ್ಗಾದ ದವಾಖಾನೆಗೆ ಒಯ್ದರು. ಡಾಕ್ಟರು ನೋಡಿದೊಡನೆ "ಧನುರ್ವಾಯು" ಎಂದರು. ಸೂಜಿ ಚುಚ್ಚಿ, ಮುಚ್ಚಿದ್ದ ಗಾಯವನ್ನು ಕೊಯ್ದು ತೆರೆದರು. ಆಮೇಲೆ ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ಒಬ್ಬಳನ್ನೇ ಮಲಗಿಸಿದರು. ತುಸು ಬೆಳಕು ಬಿದ್ದರೂ, ಸಪ್ಪಳವಾದರೂ ಮೈ ಬಿಲ್ಲಿನಂತೆ ಸೆಟೆಯುತ್ತಿತ್ತು. ಹಾಗಾಗಿ ಯಾರೂ ಒಳಗೆ ಬರಬಾರದು, ಮಾತಾಡಬಾರದು. ನನಗೆ ಎಚ್ಚರ ಮಾತ್ರ ತಪ್ಪಿರಲಿಲ್ಲ. ಬಾಗಿಲಾಚೆ ಗಂಡ ಕೆಮ್ಮು ಅದುಮಿಕೊಳ್ಳುವುದೂ ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಅವ್ವ ಬಂದು ಹೊಸ್ತಿಲ ಹೊರಗೆ ನಿಂತಳು. ಅವಳ ಬಳೆ ಸದ್ದಿಗೇ ನನ್ನ ಬೆನ್ನು ಬಾಗಿತು. ಆಮೇಲೆ ಅವಳು ಆ ಬಾಗಿಲ ಹತ್ತಿರ ಸುಳಿಯಲಿಲ್ಲ.

ಮೂರು ವಾರಕ್ಕೆ ದವಡೆ ಸಡಿಲಾಯಿತು. ಗಂಜಿ ಕುಡಿಯುವಂತಾದ ಮೇಲೆ ಡಾಕ್ಟರನ್ನು ಕೇಳಿದೆ: "ಗಾಯ ಮಾಯ್ದ ಮ್ಯಾಲ ಹೆಂಗ ಬಂತ್ರೀ ಇದು?"

ಮರಾಠಿ ಮನೆಮಾತಿನ ಅವರು ತಮಗೆ ಬಂದಷ್ಟು ಕನ್ನಡದಲ್ಲಿ ಹೇಳಿದರು: "ಮ್ಯಾಲ ಮುಚ್ಚಿತ್ತು, ಅಷ್ಟೇ. ಇದರ ಜಂತು ಕಣ್ಣಿಗೆ ಕಾಣಂಗಿಲ್ಲ, ಅದಕ್ಕ ಗಾಳಿ ಆಗಂಗಿಲ್ಲ. ಮಣ್ಣಾಗ ಸುಮ್ಮ ಮಲಗಿರ್ತದ. ಗಾಯ ಮುಚ್ಚಿ ಗಾಳಿ ನಿಂತ ಮ್ಯಾಲೇ ಏಳ್ತದ, ಒಂದಕ್ಕ ಹತ್ತು ಆಗ್ತದ. ವಿಷ ಮೊದಲೇ ಮಾಡಂಗಿಲ್ಲ. ಬೆಳದು, ತಿನ್ನಾಕ ಕಡಿಮಿ ಬಿದ್ದಾಗ ಮಾಡ್ತದ, ಹೊಟ್ಟ್ಯಾಗೇ ಇಟ್ಕೋತದ. ಅದು ಸತ್ತು ಒಡದಾಗ ವಿಷ ಹೊರಗ ಬಿದ್ದು ನರ ಹಿಡೀತದ. ಅದಕ್ಕ ಇಷ್ಟು ದಿನ ತಡ."

ನಾನು ನೀರು ಹೊತ್ತು, ರೊಟ್ಟಿ ಬಡಿದು, ನಗುತ್ತ ಇದ್ದ ಆ ದಿನಗಳಲ್ಲೆಲ್ಲ ಅದು ನನ್ನ ಪಾದದೊಳಗೆ ತನ್ನ ಕೆಲಸ ನಡೆಸಿತ್ತು.

ಮನೆಗೆ ಬಂದ ಮೇಲೆ ಆ ಕೋಣೆಯ ಬಗ್ಗೆ ಹೇಳಲು ಹೊರಟೆ. ಅತ್ತೆ ತಲೆ ಸವರಿ ತಡೆದರು: "ಬಿಡವ್ವಾ, ನೆನಸಬ್ಯಾಡ. ಉಳಕೊಂಡ್ಯಲ್ಲಾ, ಸಾಕು." ಗಂಡನೂ ಕೇಳಲಿಲ್ಲ. ತಿಂಗಳು ಕಳೆದು ಬಾವಿಗೆ ಹೋದರೆ ಹೆಂಗಸರು ನನ್ನನ್ನು ಕಂಡು ದನಿ ತಗ್ಗಿಸಿದರು, ಕೊಡವನ್ನೂ ಮೆಲ್ಲಗೆ ಇಳಿಸಿದರು. ಜೋರಾಗಿ ಮಾತಾಡಿರಿ ಎನ್ನಬೇಕೆನಿಸಿತು. ನಾನೂ ಕೊಡವನ್ನು ಸಪ್ಪಳವಾಗದಂತೆ ಇಳಿಸಿ ನೀರು ಸೇದಿದೆ.