ಆಂಡರ್ಸನ್‌ಪೇಟೆಯ ತಿದ್ದುಪಡಿ

ಚುನಾವಣೆ ಬಂದಾಗ ಜನ ಏನು ಯೋಚಿಸುತ್ತಿದ್ದಾರೆಂದು ಬರೆಯುವ ಪತ್ರಕರ್ತರು ಬಂಗಾರಪೇಟೆ, ಕೆಜಿಎಫ್ ಸೀಮೆಯಲ್ಲಿ ಅನೇಕರಿದ್ದಾರೆ. ಆ ಬರಹವನ್ನು ಓದಿದ ಮೇಲೆ ಜನ ಏನು ಯೋಚಿಸತೊಡಗುತ್ತಾರೆಂದು ಚಿಂತಿಸಿದವರಲ್ಲಿ ನಾನು ಕಂಡದ್ದು ಶ್ರೀರಾಮಪ್ಪನವರೊಬ್ಬರನ್ನೇ. ಮೂವತ್ತೊಂದು ವರ್ಷ ನಮ್ಮ ವಾರಪತ್ರಿಕೆಯ ಸಂಪಾದಕರಾಗಿದ್ದು ಈಗ ನಿವೃತ್ತರಾಗುತ್ತಿರುವ ಅವರು ಮೃದು ಮನುಷ್ಯರಲ್ಲ. ಆರು ವರ್ಷದ ಹಿಂದೆ ಹಾಸ್ಟೆಲಿನಿಂದ ನೇರವಾಗಿ ಬಂದ ನನ್ನಿಂದ ಮೊದಲ ವರದಿಯನ್ನು ಮೂರು ಸಲ ಬರೆಸಿದರು. ನಾಲ್ಕನೆಯ ಸಲ ಊಟ ಮಾಡಿಸಿ ಬರೆಸಿದರು.

ಅದೇ ವರ್ಷ ನಗರಸಭೆಯ ಚುನಾವಣೆ ಬಂತು. ಆಂಡರ್ಸನ್‌ಪೇಟೆಯ ಒಂದು ವಾರ್ಡಿನಲ್ಲಿ ಹಳೆಯ ಸದಸ್ಯರೇ ಮತ್ತೆ ನಿಂತಿದ್ದರು. ನೀರಿಗಾಗಿ ಅವರೊಡನೆ ಎರಡು ವರ್ಷ ಜಗಳವಾಡಿದ್ದ ಶ್ಯಾಮಲ ಎಂಬ ತಮಿಳು ಮಾತಿನ ಹೆಂಗಸನ್ನು ಮಾತನಾಡಿಸಿದೆ. "ಈ ಸಲ ಅವರು ಗಾಲಿ" ಎಂದರು. ಮನೆಯಲ್ಲಿ ತೆಲುಗು ಆಡುವ ನನಗೆ ಗಾಲಿ ಎಂದರೆ ಗಾಳಿ. "ಈ ಸಲವೂ ಅವರದೇ ಗಾಳಿ: ಶ್ಯಾಮಲ" ಎಂದು ಬರೆದೆ, ಅದೇ ತಲೆಬರಹವಾಯಿತು.

ಪತ್ರಿಕೆ ಬಂದ ದಿನವೇ ಆಕೆ ರೈಲು ಹಿಡಿದು ಬಂಗಾರಪೇಟೆಯ ಕಚೇರಿಗೆ ಬಂದರು.

"ನಮ್ ತಮಿಳಲ್ಲಿ ಗಾಲಿ ಅಂದ್ರೆ ಖಾಲಿ ಸಾರ್, ಆ ಆಳು ಮುಗೀತು ಅಂತ! ಈ ಹುಡುಗಿ ಕಿವೀಲಿ ಏನಿಟ್ಕೊಂಡಿದ್ಲು? ನಲ್ಲಿ ಹತ್ರ ಎಲ್ಲಾ ನಗ್ತಾರೆ, ಯಾವಾಗ ಅವ್ರ ಪಾರ್ಟಿ ಸೇರ್ದೆ ಅಕ್ಕಾ ಅಂತ."

ಶ್ರೀರಾಮಪ್ಪನವರು ನನ್ನನ್ನು ಕರೆದುಕೊಂಡು ಆಗಲೇ ಆ ವಾರ್ಡಿಗೆ ಹೊರಟರು. ಟೀ ಅಂಗಡಿಯಲ್ಲಿ ಆಟೋ ಓಡಿಸುವ ಚಿಕ್ಕಮುನಿಯಪ್ಪ ನಮ್ಮದೇ ಪತ್ರಿಕೆ ಹಿಡಿದು ಗೆಳೆಯನಿಗೆ ಹೇಳುತ್ತಿದ್ದ: "ಗೆಲ್ಲೋರ್ಗೇ ಆಕಾನ ಕಣ್ಲಾ. ಶ್ಯಾಮಲಕ್ಕನೇ ಅವ್ರ ಕಡೆ ಅಂದ್ಮೇಲೆ ಇನ್ನೇನೈತೆ? ನಮ್ ಓಟ್ಯಾಕೆ ವೇಸ್ಟಾಗ್ಬೇಕು?"

ನಮ್ಮ ಮುಂದಿನ ಸಂಚಿಕೆ ಬರುವುದು ಮತದಾನ ಮುಗಿದ ಮೇಲೆ. ಆದ್ದರಿಂದ ಅವರು ತಿದ್ದುಪಡಿಯೊಂದನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅಚ್ಚು ಹಾಕಿಸಿ, ಮತದಾನಕ್ಕೆ ನಾಲ್ಕು ದಿನವಿರುವಾಗ ಮನೆಮನೆಗೆ ತಾವೇ ಹಂಚಿದರು. ಶ್ಯಾಮಲ ಜೊತೆಗೆ ನಡೆದರು. ನಲ್ಲಿಯ ಬಳಿಯ ಕುಹಕ ನಿಂತಿತು. ಆದರೂ ಹಳೆಯ ಸದಸ್ಯರು ಹದಿನೇಳು ಮತಗಳಿಂದ ಗೆದ್ದರು.

"ನನ್ನಿಂದಲೇ ಗೆದ್ರಾ ಸಾರ್?" ಎಂದು ಕೇಳಿದೆ.

"ಗೊತ್ತಿಲ್ಲ ಕಣಮ್ಮ. ಗೊತ್ತಿಲ್ದೆ ಇರೋದನ್ನ ಗೊತ್ತಿಲ್ಲ ಅಂತಾನೇ ಇಟ್ಕೋ" ಎಂದರು. ಸಮಾಧಾನ ಹೇಳಲಿಲ್ಲ.

ಆ ತಿದ್ದುಪಡಿಯ ಕೆಳಗೆ ಅವರು "ತಪ್ಪಾಗಿ ಕೇಳಿಸಿಕೊಂಡವನು ಸಂಪಾದಕ" ಎಂದು ಬರೆದು ಸಹಿ ಮಾಡಿದ್ದರು. ಆಂಡರ್ಸನ್‌ಪೇಟೆಯಲ್ಲಿ ಇಂದಿಗೂ ಅವರ ಹೆಸರು 'ಕಿವುಡು ಎಡಿಟರ್'. ಆ ಹೆಸರನ್ನು ಅವರು ಆರು ವರ್ಷ ಹೊತ್ತರು, ನಾನು ಸುಮ್ಮನಿದ್ದೆ. ಅವರ ಕಿವಿಗೆ ಏನೂ ಆಗಿಲ್ಲ. ತಪ್ಪಾಗಿ ಕೇಳಿಸಿಕೊಂಡವಳು ನಾನು, ಅಂಬಿಕ.

ಶ್ರೀರಾಮಪ್ಪನವರು ಬಹುಕಾಲ ಗಟ್ಟಿಯಾಗಿ ಬಾಳಲಿ, ಇನ್ನೂ ಅನೇಕರ ವರದಿಗಳನ್ನು ತಿದ್ದಲಿ. ಆದರೆ ಇನ್ನು ಮುಂದೆ ತಮ್ಮ ತಪ್ಪುಗಳಿಗೆ ಮಾತ್ರ ಸಹಿ ಹಾಕಲಿ.