ಗೊಂಬೆಯ ಪಾರ್ಕಿಗೆ ಹೋದ ಮರಳು

ಚಾರು, ನಿನ್ನ ಕಣ್ಮಣಿಯನ್ನು ಕೊಂದವಳು ನಾನು. ನೀನು ಬೆಡ್‌ಶೀಟಿನ ಅಂಚು ಎತ್ತಿ ಇಣುಕಿದ್ದರಿಂದ ಆ ಗೋಸುಂಬೆ ಸಾಯಲಿಲ್ಲ. ನಿನ್ನ ದೊಡ್ಡಮ್ಮ ಅದರ ಬಕೆಟ್ಟಿನ ಮರಳು ಕದ್ದದ್ದರಿಂದ ಸತ್ತಿತು. ಇಷ್ಟು ವರ್ಷ ಈ ಮಾತು ಬಾಯಿಗೆ ಬಂದಾಗಲೆಲ್ಲ ನುಂಗಿಕೊಂಡಿದ್ದೇನೆ. ಈಗ ನುಂಗುವುದಕ್ಕೂ ಹೇಸಿಗೆಯಾಗುತ್ತಿದೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲಾದರೂ ನುಣುಚಿಕೊಂಡುಬಿಡುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ನಿಮ್ಮಪ್ಪನಿಗೆ ರೈಲ್ವೆಯಲ್ಲಿ ಹುಬ್ಬಳ್ಳಿಗೆ ವರ್ಗವಾಗಿ ನನ್ನ ತಂಗಿಯೂ ಹೊರಟು ನಿಂತಾಗ, ಕ್ರೋಂಪೇಟೆಯ ಕಾಲೇಜು ಮುಗಿಯುವವರೆಗೆ ನೀನು ಅಣ್ಣಾ ನಗರದ ನಮ್ಮ ಮನೆಯಲ್ಲಿರುವುದೆಂದು ತೀರ್ಮಾನವಾಯಿತು. ನೀನು ಬಂದದ್ದು ನನಗೆ ಸಂತೋಷವೇ. ಆದರೆ ನಿನ್ನ ಜೊತೆ ಆ ಬಲೆಯ ಪಂಜರವೂ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಒಳಗೆ ಒಂದು ಹೆಣ್ಣು ಗೋಸುಂಬೆ — ಸುಕ್ಕು ಸುಕ್ಕಾದ ಹಸಿರು ಚರ್ಮ, ತಲೆಯ ಮೇಲೊಂದು ಏಣು, ಒಂದು ಕಣ್ಣು ನನ್ನ ಕಡೆ, ಇನ್ನೊಂದು ಫ್ಯಾನಿನ ಕಡೆ. “ಪಾವಂ ದೊಡ್ಡಮ್ಮ, ಪಾಪದ್ದು ಇದು, ಏನೂ ಮಾಡಲ್ಲ” ಎಂದೆ ನೀನು. ಅದು ಏನೂ ಮಾಡಬೇಕಾಗಿರಲಿಲ್ಲ. ಮನೆಯಲ್ಲಿ ಇದ್ದದ್ದೇ ನನಗೆ ಸಾಕಾಗಿತ್ತು.

ನಿನಗೆ ಗೊತ್ತಿಲ್ಲದ್ದು, ನನಗೆ ಎಷ್ಟು ಅಸಹ್ಯವಾಗುತ್ತಿತ್ತು ಎಂಬುದು. ಬ್ಯಾಂಕಿನಲ್ಲಿ ಅಷ್ಟು ವರ್ಷ ಕೌಂಟರಿನಲ್ಲಿ ಕೂತವಳು, ಮುಖದಲ್ಲಿ ಏನೂ ತೋರಿಸದಿರುವುದು ನನಗೆ ಅಭ್ಯಾಸ. ಒಂದು ಬೆಳಿಗ್ಗೆ ಫ್ರಿಜ್ಜಿನಲ್ಲಿದ್ದ ಐಸ್‌ಕ್ರೀಮ್ ಡಬ್ಬಿಯನ್ನು ಕೊಬ್ಬರಿ ತುರಿಯೆಂದು ತೆರೆದೆ. ತೌಡಿನೊಳಗೆ ಹಳದಿ ಹುಳುಗಳು ಮೆಲ್ಲಗೆ ಮಿಸುಕುತ್ತಿದ್ದವು — ಕಣ್ಮಣಿಯ ಊಟ. ಕುಡಿದ ಕಾಫಿಯೆಲ್ಲ ಸಿಂಕಿಗೆ ಹೋಯಿತು. ಅದಾದ ಮೇಲೆ ಆ ಫ್ರಿಜ್ಜಿನ ಮೊಸರು ನನಗೆ ಗಂಟಲಲ್ಲಿಳಿಯಲಿಲ್ಲ. ನಿನ್ನೊಂದಿಗೆ ನಗುತ್ತಲೇ ಇದ್ದೆ. ಒಳಗೆ ಮಾತ್ರ ಆ ಪ್ರಾಣಿಯ ಮೇಲಿನ ಸಿಟ್ಟು ದಿನದಿನಕ್ಕೆ ಹುಳಿಯುತ್ತಾ ಹೋಯಿತು.

ನವರಾತ್ರಿ ಹತ್ತಿರವಾದಾಗ ಕಣ್ಮಣಿಯ ಹೊಟ್ಟೆ ಉಬ್ಬಿತು. ತಿನ್ನುವುದು ಬಿಟ್ಟಿತು. ಕೊಂಬೆಯಿಂದಿಳಿದು ಪಂಜರದ ತಳದಲ್ಲಿ ಅತ್ತಿಂದಿತ್ತ ಓಡಾಡತೊಡಗಿತು. ಮೊಟ್ಟೆ ಇಡುತ್ತದೆಂದೆ ನೀನು.

“ಗಂಡೇ ಇಲ್ಲವಲ್ಲೇ?”

“ಗಂಡು ಬೇಕಾಗಿಲ್ಲ ದೊಡ್ಡಮ್ಮ, ತಾನಾಗೇ ಇಡುತ್ತೆ. ಮರಿ ಬರಲ್ಲ ಅಷ್ಟೇ, ಅವ್ಳೋದಾನ್.”

ಅದೂ ನನಗೆ ಹೇಸಿಗೆಯೇ ಆಯಿತು. ಗಂಡಿಲ್ಲದ ಬಸಿರು, ಅದೂ ನನ್ನ ಮನೆಯಲ್ಲಿ, ಹಬ್ಬದ ಸಮಯದಲ್ಲಿ.

ಆಮೇಲೆ ನೀನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅದಕ್ಕೆ ಒದ್ದೆ ಮರಳು ಬೇಕು, ಮೊಳದುದ್ದ ಆಳವಾದರೂ ಬೇಕು. ಸುರಂಗ ತೋಡಿಕೊಂಡು ಒಳಗೆ ಹೋಗಿ ಮೊಟ್ಟೆಯಿಟ್ಟು, ಮೇಲೆ ಮುಚ್ಚಿ ಬರುತ್ತದೆ. ತೋಡುವಾಗ ತಳ ಸಿಕ್ಕಿದರೆ ನಿಲ್ಲಿಸಿಬಿಡುತ್ತದೆ; ಯಾರಾದರೂ ನೋಡಿದರೂ ನಿಲ್ಲಿಸುತ್ತದೆ. ನಿಲ್ಲಿಸಿದರೆ ಮೊಟ್ಟೆಗಳು ಹೊಟ್ಟೆಯೊಳಗೇ ಉಳಿದು ಪ್ರಾಣಿ ಸಾಯುತ್ತದೆ. “ಯಾರೂ ಪಾಕ್ಕಕೂಡಾದು ದೊಡ್ಡಮ್ಮ, ನಾನೂ ನೋಡಬಾರದು” ಎಂದು ಎರಡೆರಡು ಸಲ ಹೇಳಿದೆ. ನನಗೆ ಗೊತ್ತಿರಲಿಲ್ಲ ಎನ್ನಲು ದಾರಿಯೇ ಇಲ್ಲ.

ಕ್ರೋಂಪೇಟೆಯಲ್ಲಿ ನಿನ್ನ ಸ್ನೇಹಿತೆಯ ಮನೆ ಕಟ್ಟುತ್ತಿದ್ದರಲ್ಲ, ಅಲ್ಲಿಂದ ನದಿ ಮರಳನ್ನು ಚೀಲದಲ್ಲಿ ತುಂಬಿ, ಎಲೆಕ್ಟ್ರಿಕ್ ಟ್ರೇನಿನ ನೂಕುನುಗ್ಗಲಿನಲ್ಲಿ ಹೊತ್ತು ತಂದೆ ನೀನು. ನನ್ನ ಬಚ್ಚಲಿನಲ್ಲಿ ತೊಳೆದೆ, ಮೊಟ್ಟೆಮಾಡಿಯಲ್ಲಿ, ತಾರಸಿಯ ಬಿಸಿಲಿಗೆ ಒಣಗಿಸಿದೆ, ಜರಡಿ ಹಿಡಿದೆ. ಪೇಂಟಿನ ಬಕೆಟ್ಟಿನ ತುಂಬ ಅದನ್ನು ಹಾಕಿ, ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವ ಹಾಗೆ ಹದ ಮಾಡಿದೆ. ಚಕ್ಕುಲಿ ಹಿಟ್ಟಿಗೆ ಕೂಡ ನಾನು ಅಷ್ಟು ಹದ ನೋಡಿದವಳಲ್ಲ.

ಗೊಂಬೆಯ ಹಬ್ಬದಲ್ಲಿ ನನ್ನ ಹೆಮ್ಮೆ ಏನೆಂದು ನಿನಗೆ ಗೊತ್ತು. ಪಟ್ಟದ ಗೊಂಬೆ, ಮೆಟ್ಟಿಲು ಎಲ್ಲರ ಮನೆಯಲ್ಲೂ ಇರುತ್ತವೆ. ಮೆಟ್ಟಿಲ ಪಕ್ಕದಲ್ಲಿ ನಾನು ಮಾಡುವ ಪಾರ್ಕು — ಮರಳಿನ ಗುಡ್ಡ, ಕೊಳ, ಸಾಸಿವೆ ಚೆಲ್ಲಿ ಬರಿಸಿದ ಹಸಿರು ಹುಲ್ಲು — ಅದನ್ನು ನೋಡಲೆಂದೇ ಎದುರು ಮನೆಯ ಮಾಮಿ ತನ್ನ ನೆಂಟರನ್ನೆಲ್ಲ ಕರೆತರುತ್ತಿದ್ದಳು. ಆ ವರ್ಷ ಸರಿಯಾದ ಮರಳು ಸಿಗಲಿಲ್ಲ. ಅಂಗಡಿಯವನು ಕೊಟ್ಟದ್ದು ಕಲ್ಲಿನ ಪುಡಿ. ಅದರಲ್ಲಿ ಸಾಸಿವೆ ಬೇರು ಹಿಡಿಯುವುದಿಲ್ಲ. ಗೊಂಬೆಗೆ ಕಲ್ಲುಪುಡಿ, ಗೋಸುಂಬೆಗೆ ಹೊಳೆಯ ಮರಳು! ಇದು ನನ್ನ ತಲೆಯಲ್ಲಿ ಕುಟ್ಟುತ್ತಲೇ ಇತ್ತು.

ನೀನು ಕಾಲೇಜಿಗೆ ಹೋಗಿದ್ದೆ. ಬಕೆಟ್ಟು ಇನ್ನೂ ಬಾಲ್ಕನಿಯಲ್ಲಿತ್ತು, ಪ್ರಾಣಿ ಅದನ್ನಿನ್ನೂ ಮುಟ್ಟಿರಲಿಲ್ಲ. ನನ್ನ ಲೆಕ್ಕ ಕೇಳು — ಅದು ಮುಟ್ಟಿದ ಮೇಲಾದರೆ ದೇವರ ಮುಂದಿಡಲು ಬಾರದು, ಮುಟ್ಟುವ ಮೊದಲೇ ತೆಗೆದರೆ ಮೈಲಿಗೆಯಿಲ್ಲ. ಎಷ್ಟು ಶುದ್ಧವಾದ ಯೋಚನೆ. ಮರಳೆಲ್ಲ ಹಳೇ ಸೀರೆಯ ಮೇಲೆ ಸುರಿದುಕೊಂಡೆ. ಎತ್ತಿದಾಗ ನಿನಗೆ ಹಗುರವೆನಿಸದಿರಲೆಂದು ಬಕೆಟ್ಟಿನ ತಳಕ್ಕೆ ಆ ಕಲ್ಲುಪುಡಿಯ ಚೀಲವಿಟ್ಟು, ಅದರ ಮೇಲೆ ಒಡೆದ ಪ್ಲಾಸ್ಟಿಕ್ ಬೇಸಿನ್ ಕವುಚಿ, ಸುತ್ತ ಥರ್ಮಾಕೋಲ್ ತುಂಡು ತುರುಕಿ, ಮೇಲೆ ನಾಲ್ಕು ಬೆರಳಿನಷ್ಟು ಮರಳು ಹರಡಿದೆ. ಅಂಗೈಯಿಂದ ನುಣ್ಣಗೆ ಸವರಿದೆ. ನೀನು ಸವರಿದ್ದ ಹಾಗೆಯೇ ಕಾಣುವವರೆಗೆ ಸವರಿದೆ.

ಮರೆತು ಮಾಡಿದ್ದರೆ, ಅವಸರದಲ್ಲಿ ಮಾಡಿದ್ದರೆ... ಇಲ್ಲ, ಆ ಸವರುವಿಕೆಯೊಂದೇ ಸಾಕು.

ನೀನು ಬಕೆಟ್ಟನ್ನು ಪಂಜರದೊಳಗಿಟ್ಟು, ಸುತ್ತ ಬೆಡ್‌ಶೀಟು ಕಟ್ಟಿ, ಕೋಣೆಯ ಬಾಗಿಲೆಳೆದುಕೊಂಡೆ. ಮೂಗು ಮುಚ್ಚಿಕೊಂಡು ದೂರ ನಿಂತಿದ್ದ ನಾನು “ಒಳ್ಳೇದಾಗ್ಲಿ ಬಿಡು” ಎಂದೆ. ಈ ಬಾಯಿಂದಲೇ.

ಹಬ್ಬದ ಒಂದು ಸಂಜೆ ಹೆಂಗಸರೆಲ್ಲ ಕೂತಿದ್ದರು. ಪಾರ್ಕು ಹಸಿರಾಗಿ ಎದ್ದು ಬಂದಿತ್ತು. ಮಾಮಿ ಅದನ್ನು ಹೊಗಳಿ ಹಾಡು ಶುರು ಮಾಡಿದ್ದಳು. ಆಗ ನಿನ್ನ ಕೋಣೆಯಿಂದ ಸದ್ದು ಬಂತು — ಕರಕರ, ಕರಕರ. ಪ್ಲಾಸ್ಟಿಕ್ಕಿನ ಮೇಲೆ ಉಗುರು. ಸ್ವಲ್ಪ ಬಿಟ್ಟು ಮತ್ತೆ, ಇನ್ನೊಂದು ಮೂಲೆಯಿಂದ. ಅದು ತಳ ಮುಟ್ಟಿ, ಬೇರೆ ಕಡೆ ತೋಡಿ, ಮತ್ತೆ ತಳ ಮುಟ್ಟುತ್ತಿತ್ತು. ಹಾಡು ನಿಲ್ಲಿಸಿ ಮಾಮಿ “ಎನ್ನ ಸತ್ತಂ ಅದು?” ಎಂದು ಆ ಸದ್ದಿನ ಕಡೆ ಕೈ ತೋರಿಸಿ ಕೇಳಿದಳು. ಮೇಲಿನ ಮನೆಯಲ್ಲಿ ಮರಗೆಲಸ ನಡೀತಿದೆ ಎಂದೆ. ಸುಂಡಲ್ ಹಂಚಿದೆ. ಕೈಯಲ್ಲಿದ್ದ ಕಡಲೆ ಕಾಳು ನನಗೆ ಆ ಹುಳುಗಳ ಹಾಗೆ ಕಂಡವು, ಆದರೂ ಹಂಚಿದೆ.

ಮಾರನೆಯ ದಿನವೇ ಮರಳು ವಾಪಸು ಹಾಕಬಹುದಿತ್ತು. ಆದರೆ ಕೂರಿಸಿದ್ದನ್ನು ವಿಜಯದಶಮಿಯವರೆಗೆ ಕದಲಿಸಬಾರದು ಎಂಬ ನೇಮ. ನಮ್ಮಮ್ಮನಿಂದ ಬಂದದ್ದು, ತಪ್ಪಿದವಳಲ್ಲ ನಾನು. ಆ ನೇಮ ಹಿಡಿದುಕೊಂಡು ಒಂದು ಜೀವ ಒದ್ದಾಡುವುದನ್ನು ಕೇಳುತ್ತಾ ಕೂತೆ.

ನೀನು ಇಣುಕಿದ್ದು ಆಗಲೇ. ತಡೆಯಲಾರದೆ ಒಂದು ಸಲ ಬೆಡ್‌ಶೀಟಿನ ಅಂಚೆತ್ತಿದೆ. ಅದು ಗುಂಡಿಯ ಬಾಯಲ್ಲಿ ನಿಂತು ನಿನ್ನನ್ನೇ ನೋಡಿತಂತೆ. ಬೆಂಕಿ ಮುಟ್ಟಿದವಳ ಹಾಗೆ ಅಂಚನ್ನು ಕೈಬಿಟ್ಟು ಓಡಿ ಬಂದು ನನಗೆ ಹೇಳಿದೆ. “ಅಯ್ಯೋ, ಯಾಕೆ ನೋಡಿದ್ಯೇ?” ಎಂದುಬಿಟ್ಟೆ ನಾನು. ತಪ್ಪು ಇಳಿಸಲು ನನಗೊಂದು ಜಾಗ ಸಿಕ್ಕಿತ್ತು.

ಸರಸ್ವತಿ ಪೂಜೆಯ ದಿನ ಅದರ ಕಣ್ಣು ಒಳಗಿಳಿಯಿತು. ಬಣ್ಣ ಕಂದಿ ಬೂದಿಯಂತಾಯಿತು. ಶೂ ಡಬ್ಬಿಯಲ್ಲಿಟ್ಟುಕೊಂಡು ಆಟೋದಲ್ಲಿ ವಡಪಳನಿಯ ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆವು. ನಾನೂ ಬಂದೆ, ನಿನ್ನ ನೀರಿನ ಬಾಟಲಿ ನನ್ನ ಕೈಯಲ್ಲಿತ್ತು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಮರಳು ಆಳವಾಗಿತ್ತೇ ಎಂದು ಕೇಳಿದರು. ಆಳ ಸಾಲದೆ ಇದ್ದರೆ ಈಗಲೇ ಮನೆಗೆ ಒಯ್ದು ಸರಿಯಾದ ಮರಳಿನಲ್ಲಿ ಬಿಡಿ, ಇನ್ನೂ ಇಟ್ಟರೂ ಇಡಬಹುದು ಎಂದರು. ನೀನು “ಫುಲ್ ಬಕೆಟ್ ಡಾಕ್ಟರ್, ನಾನೇ ತುಂಬಿದ್ದು” ಎಂದೆ. ಹಾಗಾದರೆ ಒಳಗೇ ಏನೋ ಸಿಕ್ಕಿಕೊಂಡಿದೆ, ಆಪರೇಷನ್ ಮಾಡಬೇಕು, ಶಕ್ತಿ ಕಮ್ಮಿಯಿದೆ ಎಂದರು. ತೋಡುವಾಗ ಯಾರಾದರೂ ನೋಡಿದಿರಾ ಎಂದೂ ಕೇಳಿದರು.

“ನಾನ್‌ದಾನ್ ಪಾತ್ತೇನ್. ನಾನೇ ನೋಡಿದೆ.”

ಹೇಳಬೇಕಾದ ಗಳಿಗೆ ಅದೇ. ಒಂದು ಮಾತು — ಬಕೆಟ್ಟಿನಲ್ಲಿ ಮರಳಿಲ್ಲ. ಅಷ್ಟೇ. ನಾಲಿಗೆಯ ತುದಿಗೆ ಬಂದಿತ್ತು. ಡಾಕ್ಟರೆದುರು, ನಿನ್ನೆದುರು, ಮಾನ ಹೋಗುತ್ತದೆಂದು... ನಾನು ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತೆ. ಆಪರೇಷನ್ ಮೇಜಿನ ಮೇಲೆಯೇ ಅದು ಸತ್ತಿತು.

ಕದ್ದದ್ದಕ್ಕಿಂತ ಆ ಮುಚ್ಚಳ ತಿರುಗಿಸಿದ್ದು ನನಗೆ ಹೆಚ್ಚು ವಾಕರಿಕೆ ತರುತ್ತದೆ.

ಇನ್ನೂ ಇದೆ. ನೀನು ಅತ್ತು ಮಲಗಿದ್ದಾಗ ವಿಜಯದಶಮಿಗೂ ಕಾಯದೆ ಪಾರ್ಕನ್ನು ಒಡೆದು, ಬಕೆಟ್ಟಿನ ತಳದಲ್ಲಿದ್ದದ್ದನ್ನೆಲ್ಲ ತೆಗೆದು, ಮರಳೆಲ್ಲ ಅದಕ್ಕೆ ತುಂಬಿದೆ. ಒಂದು ಜೀವ ಉಳಿಸಲು ಮುರಿಯದ ನೇಮವನ್ನು ನನ್ನ ಮುಖ ಉಳಿಸಿಕೊಳ್ಳಲು ಮುರಿದೆ. ನೀನು ಅದೇ ಮರಳನ್ನು ಮೊಟ್ಟೆಮಾಡಿಯ ದೊಡ್ಡ ಕುಂಡಕ್ಕೆ ಹಾಕಿ ಕಣ್ಮಣಿಯನ್ನು ಹೂತೆ. ಕೆಲವು ದಿನಗಳಲ್ಲಿ ಅಲ್ಲಿ ಸಾಸಿವೆ ಸಸಿ ಬಂದವು. “ತಾನಾಗೇ ಬಂದಿದೆ ದೊಡ್ಡಮ್ಮ, ಎಷ್ಟು ಚೆನ್ನಾಗಿದೆ” ಎಂದು ಅವಕ್ಕೆ ನೀರು ಹಾಕಿದೆಯಲ್ಲ... ನಾನು ಬಟ್ಟೆ ಒಣಹಾಕುತ್ತಾ ಹೂಂ ಎಂದೆ.

ಕಾಲ ಕಳೆದರೆ ಮರೆಯುತ್ತೀಯ ಎಂದುಕೊಂಡಿದ್ದೆ. ನನ್ನ ಮೊಮ್ಮಗಳು ಹುಟ್ಟಿದಾಗ ನೀನು ಬಾಗಿಲಲ್ಲೇ ನಿಂತೆ, ಒಳಗೆ ಬರಲಿಲ್ಲ. “ಬೇಡ ದೊಡ್ಡಮ್ಮ, ನನ್ನ ಕಣ್ಣು ಒಳ್ಳೇದಲ್ಲ.” ಎಲ್ಲರೂ ತಮಾಷೆಯೆಂದು ನಕ್ಕರು. ನಿನ್ನ ಮುಖದಲ್ಲಿ ನಗುವಿರಲಿಲ್ಲ. ಓದಿದ ಹುಡುಗಿ, ಕಣ್ಣು ತಾಗುವುದನ್ನೆಲ್ಲ ನಂಬದವಳು — ಅದನ್ನು ನಿನ್ನೊಳಗೆ ನೆಟ್ಟವಳು ನಾನು.

ಈಗ ನಿನ್ನ ವಡಪಳನಿಯ ಮನೆಗೆ, ಜೊತೆ ಕೆಲಸ ಮಾಡುವವರು ಸಾಕಲಾಗದೆ ಕೊಟ್ಟ ಇನ್ನೊಂದು ಹೆಣ್ಣು ಗೋಸುಂಬೆ ಬಂದಿದೆ. ಅದರ ಹೊಟ್ಟೆ ಉಬ್ಬಿದಾಗ ನೀನು ಫೋನ್ ಮಾಡಿದೆ. “ನೀವೇ ಬಂದು ಬಕೆಟ್ ಇಡಿ ದೊಡ್ಡಮ್ಮ. ನಾನು ಆ ರೂಮಿಗೇ ಹೋಗಲ್ಲ.” ಬಂದೆ. ಅಂಚಿನವರೆಗೆ ಮರಳು ತುಂಬಿದೆ. ಸೌಟಿನ ಹಿಡಿಯಿಂದ ತೂತು ಕೊರೆದು, ಕುಸಿಯುವುದಿಲ್ಲವೆಂದು ನೋಡಿದೆ. ಆ ಪ್ರಾಣಿಯನ್ನು ನನ್ನ ಕೈಯಾರೆ ಎತ್ತಿ ಇಟ್ಟೆ. ತಣ್ಣಗಿನ ಪಾದಗಳು ಬೆರಳನ್ನು ಹಿಡಿದವು. ಅಸಹ್ಯ ಇನ್ನೂ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಬಟ್ಟೆ ಮುಚ್ಚಿ ಬಂದೆ. ಇಬ್ಬರೂ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕೂತೆವು. ಕರಕರ ಸದ್ದು ಬರಲಿಲ್ಲ. ಸಂಜೆಗೆ ಅದು ಮೊಟ್ಟೆಯಿಟ್ಟು, ಗುಂಡಿ ಮುಚ್ಚಿ, ಸೊರಗಿದ ಹೊಟ್ಟೆಯೊಂದಿಗೆ ಕೊಂಬೆಯೇರಿ ನೀರು ನೆಕ್ಕುತ್ತಿತ್ತು.

ನೀನು ನನ್ನ ಬಲಗೈ ಹಿಡಿದು “ರಾಶಿಯಾನ ಕೈ ದೊಡ್ಡಮ್ಮ ನಿಮ್ದು, ಅದೃಷ್ಟದ ಕೈ” ಎಂದು ಎರಡು ಕಣ್ಣಿಗೂ ಒತ್ತಿಕೊಂಡೆ.

ಮರಳು ಸವರಿದ ಕೈ ಅದೇ. ಆಗಲೂ ನಾನು ಹೇಳಲಿಲ್ಲ. ಮನೆಗೆ ಬಂದು ಸೋಪು ಹಾಕಿ ಹಾಕಿ ತೊಳೆದೆ. ಹುಳುವಿನ ಡಬ್ಬಿ ಮುಟ್ಟಿದಾಗಲೂ ಅಷ್ಟು ತೊಳೆದಿರಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ನಾಳೆ ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ನಿನ್ನೆದುರು ಕೂತು ಬಾಯಿಬಿಟ್ಟು ಹೇಳುತ್ತೇನೆ. ಈ ಸಲ ನಾನು ತುಂಬಿದ ಬಕೆಟ್ಟು ಇನ್ನೂ ನಿನ್ನ ಬಾಲ್ಕನಿಯಲ್ಲಿದೆಯಲ್ಲ, ಮರಳು ಚೆಲ್ಲಬೇಡ. ಅಂದು ಕಣ್ಮಣಿಗೆ ನಾನು ಎಷ್ಟು ಮರಳು ಬಿಟ್ಟಿದ್ದೆನೆಂದು ಅದರ ಅಂಚಿಗೆ ಬೆರಳಿಟ್ಟು ತೋರಿಸುತ್ತೇನೆ. ಬೇರೆ ಕಡೆ ಮುಖ ತಿರುಗಿಸಬೇಡ ಚಾರು. ನೀನು ನೋಡು.