ಉದ್ದ ತಪ್ಪಿದ ಸಂದೇಶ

ದೆವ್ವ ಗಿವ್ವ ಎಂದು ಯಾರಾದರೂ ಬಾಯಿ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಎಷ್ಟೋ ವರ್ಷ ಕಂಪ್ಯೂಟರಿನ ಮುಂದೆ ಕೂತವಳು. ಅದರಲ್ಲಿ ತಾನಾಗಿ ಏನೂ ಆಗುವುದಿಲ್ಲ, ಯಾರದೋ ತಪ್ಪು ಇದ್ದೇ ಇರುತ್ತದೆ ಎಂದು ವಾದಕ್ಕೇ ನಿಲ್ಲುತ್ತಿದ್ದೆ. ಈಗ ಹೇಳುವುದರಲ್ಲೂ ತಪ್ಪು ನನ್ನದೇ. ಆದರೆ ಆ ತಪ್ಪಿನ ಆಚೆ ಒಂದಿಷ್ಟು ಉಳಿದುಬಿಟ್ಟಿದೆ. ಅದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಗಜೇಂದ್ರಗಡದ ಒಂದು ಖಾಸಗಿ ಆಸ್ಪತ್ರೆಗೆ, ರೋಗಿಗಳು ಫೋನಿನಲ್ಲೇ ಬರೆದು ಕಳಿಸುವ ವ್ಯವಸ್ಥೆ ಮಾಡಿಕೊಟ್ಟಿದ್ದೆ. ನಿಜ ಹೇಳಬೇಕೆಂದರೆ ಮಾಡಿದ್ದು ರಾಜೂರಿನ ಹಸೀನಕ್ಕನ ಸಲುವಾಗಿ. ಚಿಕ್ಕಂದಿನಲ್ಲಿ ನಮ್ಮ ಓಣಿಯವಳು, ನನ್ನ ತಲೆ ಬಾಚಿದವಳು, ಮಹಾ ಮಾತುಗಾತಿ. ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಗಂಡ ರಫೀಕಣ್ಣನಿಗೆ ಓದಲು ಬಾರದು. ಆಸ್ಪತ್ರೆಗೆ ಅವಳು ಮಾತಾಡಿದ ಹಾಗೆಯೇ ಬರೆಯುತ್ತಿದ್ದಳು.

ಡಾಕ್ಟರು ಮೈಸೂರು ಕಡೆಯವರು. ಒಂದು ದಿನ ಕೇಳಿದರು, “ಮೇಡಂ, ಇವರು ‘ಚಲೋ ಇಲ್ಲ’ ಅಂತ ಬರೀತಾರೆ. ಇನ್ನೂ ಮನೆಯಿಂದ ಹೊರಟಿಲ್ಲ ಅಂತಾನಾ?” ನಕ್ಕು ನಕ್ಕು ಸಾಕಾಯಿತು ನನಗೆ. ಸಂದೇಶ ಮೊದಲು ವೆಬ್ ಸರ್ವರಿಗೆ ಬಂದು, ಅಲ್ಲಿಂದ ಡಾಕ್ಟರ ಪರದೆಗೆ ಹೋಗುತ್ತದೆ. ಆ ಸರ್ವರಿನ ಒಳಗೇ ಒಂದು ಮಾಡ್ಯೂಲ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದು ಕೂಡಿಸಿದೆ. ಅದು ದಾರಿಯಲ್ಲೇ ‘ಚಲೋ’ವನ್ನು ‘ಚೆನ್ನಾಗಿ’ ಮಾಡುತ್ತಿತ್ತು, ‘ಭಾಳ’ವನ್ನು ‘ತುಂಬಾ’, ‘ದವಾಖಾನಿ’ಯನ್ನು ‘ಆಸ್ಪತ್ರೆ’. ಪ್ರತಿ ಸಂದೇಶದ ತಲೆಯಲ್ಲಿ ಅದರ ಉದ್ದ ಬರೆದಿರುತ್ತದೆ. ಒಳಗಿನ ಮಾತು ಬೆಳೆದರೆ ಆ ಉದ್ದವನ್ನೂ ತಿದ್ದಬೇಕು. ಇಲ್ಲದಿದ್ದರೆ ಬೆಳೆದಷ್ಟು ಬಾಲ ಕತ್ತರಿಸಿ ಹೋಗುತ್ತದೆ. ನಾನು ತಿದ್ದಲಿಲ್ಲ. ಪರೀಕ್ಷೆಗೆಂದು ‘ಹೊಟ್ಟಿ’, ‘ತಲಿ’ ಹಾಕಿ ನೋಡಿದ್ದೆ. ‘ಹೊಟ್ಟೆ’, ‘ತಲೆ’ ಆದರೂ ಉದ್ದ ಅಷ್ಟೇ ಇರುತ್ತದಲ್ಲ, ಎಲ್ಲ ಸರಿಯಾಗಿಯೇ ಕಂಡಿತು. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ರಫೀಕಣ್ಣ ನರೇಗಲ್ ಸಂತೆಗೆ ಹೋಗಿದ್ದ ದಿನ ಹಸೀನಕ್ಕ ಬರೆದಳು: “ಉಸರು ಚಲೋ ಇಲ್ಲ. ತ್ರಾಸ ಭಾಳ ಐತಿ. ನಾ ದವಾಖಾನಿಗೆ ಬರೂದು ಆಗಂಗಿಲ್ಲ”. ಡಾಕ್ಟರ ಪರದೆಯಲ್ಲಿ ಕೊನೆಯ ಸಾಲು “ನಾ ಆಸ್ಪತ್ರೆಗೆ ಬರೂದು” ಎಂದಷ್ಟೇ ಬಂತು.

“ಬರೂದು ಅಂತ ಇತ್ತಲ್ರಿ, ಹಾಸಿಗಿ ತಯಾರ್ ಮಾಡಿ ದಾರಿ ನೋಡ್ಕೋತ ಕುಂತಿದ್ವಿ,” ಎಂದು ನರ್ಸ್ ಆಮೇಲೆ ನನ್ನ ಮುಂದೆ ಅತ್ತಳು. ಆಂಬುಲೆನ್ಸ್ ಅಂಗಳದಲ್ಲೇ ನಿಂತಿತ್ತಂತೆ. ಸಂತೆಯಿಂದ ಬಂದ ರಫೀಕಣ್ಣನಿಗೆ ಸಿಕ್ಕಿದ್ದು ಹೆಣ.

ಮಣ್ಣು ಕೊಟ್ಟ ಮೂರನೆಯ ದಿನ ಮಧ್ಯಾಹ್ನ, ಬಸ್ ಸ್ಟ್ಯಾಂಡಿನ ಎದುರಿನ ನನ್ನ ಕೋಣೆಯಲ್ಲಿ ಕೂತು ಮಾಡ್ಯೂಲ್ ಸರಿಪಡಿಸಿದೆ. ಸರ್ವರ್ ಇದ್ದ ಹಳೆಯ ಯಂತ್ರ ಕಣ್ಣಿಗೆ ಬೇಡವಾಗಿತ್ತು, ಬೇರೆ ಯಂತ್ರದಲ್ಲಿ ಎಲ್ಲ ಹೊಸದಾಗಿ ಹಾಕಿದೆ. ಪರೀಕ್ಷೆಗೆ ಏನಾದರೂ ಕಳಿಸಬೇಕಲ್ಲ. ಯಾರೂ ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆದೆ: “ಹಸೀನಕ್ಕ, ನನ್ನ ಮಾಫ್ ಮಾಡ್ತೀಯೇನ”.

ಡಾಕ್ಟರ ಪರದೆಯ ಬದಲಿಗೆ ಇಟ್ಟುಕೊಂಡಿದ್ದ ಇನ್ನೊಂದು ಪರದೆಯಲ್ಲಿ ನನ್ನ ಸಾಲು ಬಂತು. ಅದರ ತಲೆಗೇ, ಸಂದಿಲ್ಲದೆ ಅಂಟಿಕೊಂಡು, ಒಂದು ಪದ ಇತ್ತು: ಆಗಂಗಿಲ್ಲ.

ಕತ್ತರಿಸಿದ ಬಾಲ ಸರ್ವರಿಗೂ ಪರದೆಗೂ ನಡುವಿನ ಸಂಪರ್ಕದಲ್ಲಿ ಉಳಿದು ಮುಂದಿನ ಸಂದೇಶದ ತಲೆಗೆ ಅಂಟುವುದು ಉಂಟು, ನನಗೆ ಗೊತ್ತು. ಆದರೆ ಆ ಸಂಪರ್ಕ ಹಳೆಯ ಯಂತ್ರದ ಜೊತೆಗೇ ಮುಗಿದಿತ್ತು. ಹೊಸದರೊಳಗೆ ಅವಳದೊಂದು ಅಕ್ಷರವೂ ಹೋಗಿರಲಿಲ್ಲ. ವಾರಗಟ್ಟಲೆ ಹುಡುಕಿದೆ. ಆ ಪದ ಎಲ್ಲಿಂದ ಬಂತೋ ತಿಳಿಯಲಿಲ್ಲ.

ರಫೀಕಣ್ಣನ ಮುಂದೆ ಎಲ್ಲ ಹೇಳಿ ಅತ್ತೆ. ಬೈದಿದ್ದರೆ ಬದುಕುತ್ತಿದ್ದೆ, ಅವನು ಬೈಯಲಿಲ್ಲ. “ಆಕಿ ನಿನಗ ಹಂಗ ಅನ್ನಾಕಿ ಅಲ್ಲ ತಂಗಿ. ಇನ್ನೊಮ್ಮೆ ಕೇಳಿ ನೋಡು,” ಎಂದ.

ಅದೇ ಸಾಲನ್ನು ಎಷ್ಟು ಸಲ ಬರೆದು ಅಳಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ಏನೂ ಬರದೆ ಹೋದರೆ ಅಂದು ಬಂದದ್ದೇ ಅವಳು ನನಗೆ ಆಡಿದ ಕೊನೆಯ ಮಾತಾಗಿ ಉಳಿಯುತ್ತದೆ. ಇನ್ನೂ ಕಳಿಸಿಲ್ಲ.